ಬಿಳಿ ಗೆರೆಯ ಗುಂಡುಕಲ್ಲು

ಮನೆಗೆ ಯಾರೇ ಬರಲಿ, ಅವರು ಕಾಫಿ ಲೋಟ ಕೆಳಗಿಡುವುದನ್ನೇ ಕಾಯುತ್ತಿದ್ದು, ಹಾಳು ಚರ್ಚು ತೋರಿಸಲು ಎಳೆದುಕೊಂಡು ಹೋಗುವುದು ಆಗ ನನ್ನ ಚಾಳಿಯಾಗಿತ್ತು. ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿರುವ ನಮ್ಮ ಕಡೆಯ ಡಾಕ್ಟರುಗಳು, ನನ್ನ ಹಾಗೆ ವೈದ್ಯಕೀಯ ಸಲಕರಣೆಯ ಕಾರ್ಖಾನೆಗಳಿರುವ ಪಾರ್ಕ್‌ಮೋರ್‌ನಲ್ಲಿ ಕೆಲಸ ಮಾಡುವವರು, ಅವರನ್ನು ನೋಡಲು ಊರಿನಿಂದ ಬಂದವರು, ಯಾರನ್ನೂ ಬಿಟ್ಟವನಲ್ಲ. ಹೊಲ ದಾಟಿದರೆ ಚರ್ಚು. ಚಾವಣಿ ಇಲ್ಲ. ನಾಲ್ಕು ಗೋಡೆ, ಅರ್ಧ ಕುಸಿದ ಗೋಪುರ, ಪೂರ್ವದ ಗೋಡೆಯಲ್ಲಿ ಗಾಜಿಲ್ಲದ ದೊಡ್ಡ ಕಿಟಕಿ. ಗೇಟಿನ ಹತ್ತಿರ ಸರ್ಕಾರದವರು ಹಾಕಿದ ಬೋರ್ಡು ನನಗೆ ಬಾಯಿಪಾಠ. ಬೋರ್ಡಿನಲ್ಲಿ ಇಲ್ಲದ್ದನ್ನು ಇಂಟರ್ನೆಟ್ಟಿನಿಂದ ತುಂಬಿಸಿಕೊಂಡಿದ್ದೆ, ಅಲ್ಲೂ ಸಿಗದ್ದನ್ನು ಸ್ವಂತ ಬಂಡವಾಳದಿಂದ ಹಾಕುತ್ತಿದ್ದೆ.

ಕಡಲಾಚೆಯಿಂದ ಬಂದು ಇಲ್ಲಿನ ನೆಲ ಗೆದ್ದ ಒಬ್ಬ ಪಾಳೆಯಗಾರ, ತನ್ನ ಆತ್ಮಕ್ಕೆ ಒಳ್ಳೆಯದಾಗಲಿ ಎಂದು ಒಂದಿಷ್ಟು ಜಾಗವನ್ನು ಸನ್ಯಾಸಿಗಳಿಗೆ ಬಿಟ್ಟುಕೊಟ್ಟದ್ದು. ಅವರು ಸುಣ್ಣದ ಕಲ್ಲು ಒಡೆದು ಈ ಚರ್ಚು ಕಟ್ಟಿದ್ದು, ಪಕ್ಕದಲ್ಲಿ ಊಟದ ಮನೆ, ಮೇಲೆ ಮಲಗುವ ಸಾಲುಮನೆ. ಆಮೇಲೆ ಇಂಗ್ಲೆಂಡಿನ ದೊರೆ ಪೋಪನ ಜೊತೆ ಜಗಳ ತೆಗೆದು ಮಠಗಳನ್ನೆಲ್ಲ ಮುಚ್ಚಿಸಿದ್ದು. ಚಾವಣಿಯ ಮೇಲಿನ ಸೀಸವನ್ನು ಕಿತ್ತು ಕರಗಿಸಿ ಒಯ್ದದ್ದು. ಸೀಸ ಹೋದ ಮೇಲೆ ಮಳೆ ಒಳಗಿಳಿದು, ತೊಲೆ ಕೊಳೆತು, ಚಾವಣಿ ಬಿದ್ದದ್ದು. ಸನ್ಯಾಸಿಗಳು ಮಾತ್ರ ಊರು ಬಿಡದೆ ಸುತ್ತಲಿನ ಮನೆಗಳಲ್ಲಿ ತಲೆಮರೆಸಿಕೊಂಡು ಎಷ್ಟೋ ತಲೆಮಾರು ಬಾಳಿದ್ದು. ಇಷ್ಟನ್ನೂ ಹೇಳಿ, ಕೊನೆಯ ಸನ್ಯಾಸಿಯನ್ನು ಮಣ್ಣು ಮಾಡಿ, "ಅಲ್ಲಿಗೆ ಇದರ ಕಥೆ ಮುಗೀತು ನೋಡಿ. ಆಮೇಲೆ ದನ ಮೇಯ್ದ್ವು, ಅಷ್ಟೇ," ಎಂದು ಕೈ ಝಾಡಿಸುತ್ತಿದ್ದೆ. ಬಂದವರಲ್ಲಿ ಒಬ್ಬರಾದರೂ ನಮ್ಮ ಹಂಪಿ ಇದ್ದ ಹಾಗೆ ಐತೆ ಅನ್ನುತ್ತಿದ್ದರು. ನಾನು ಅದಕ್ಕೂ ಒಂದು ತಿದ್ದುಪಡಿ ಇಟ್ಟುಕೊಂಡಿದ್ದೆ.

ಒಂದು ಸಲ ಡಾಕ್ಟರೊಬ್ಬರ ಮಗಳು ನೆಲದಿಂದ ಬೆರಳುಗಾತ್ರದ ಕಲ್ಲುಚೂರು ಎತ್ತಿ ಜೇಬಿಗೆ ಹಾಕಿಕೊಂಡಳು. ನಾನು ಎಲ್ಲರ ಮುಂದೆ ಅದನ್ನು ವಾಪಸ್ ಇಡಿಸಿದೆ. "ಇದು ಪ್ರೊಟೆಕ್ಟೆಡ್ ಜಾಗ ಪುಟ್ಟಿ, ಏನೂ ಮುಟ್ಟಬಾರದು," ಎಂದೆ. ಆ ಮಗು ಐರಿಷ್ ಧಾಟಿಯಲ್ಲಿ ಸಾರಿ ಹೇಳಿತು. ಅವಳ ಕೆಂಪಾದ ಮುಖ ಈಗ ಹೆಚ್ಚಾಗಿ ನೆನಪಾಗುತ್ತದೆ.

ನಮ್ಮ ಮನೆಯ ಒಡತಿ ಪಕ್ಕದ ಮನೆಯಲ್ಲೇ ಇದ್ದರು. ಎಂಬತ್ತು ದಾಟಿದ ವಿಧವೆ. ಮಗಳು ಡಬ್ಲಿನ್ ಹತ್ತಿರದ ನೇಸ್‌ನ ಆಸ್ಪತ್ರೆಯಲ್ಲಿ ನರ್ಸು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಗಾಲ್ವೇಯಲ್ಲಿ ಬಾಡಿಗೆಗೆ ಮನೆ ಸಿಗದೆ ಸುಸ್ತಾಗಿದ್ದ ನಮಗೆ, ಒಂದೇ ಮಾತಿನಲ್ಲಿ ಬೀಗದ ಕೈ ಕೊಟ್ಟವರು ಅವರು. ಅವರನ್ನು ನಾವು ಅಜ್ಜಿ ಎಂದೇ ನಮ್ಮೊಳಗೆ ಕರೆಯುತ್ತಿದ್ದೆವು. ಅವರ ಇಂಗ್ಲಿಷು ನಮ್ಮೂರಿನ ಇಂಗ್ಲಿಷಲ್ಲ, ಅದನ್ನು ಇಲ್ಲಿ ನಮ್ಮ ಮಾತಿಗೇ ತಿರುಗಿಸಿ ಬರೆಯುತ್ತಿದ್ದೇನೆ. ಈ ಕಡೆ ಒಂದು ಪದ್ಧತಿ ಇದೆ. ಮುಂಬಾಗಿಲು ಪಾದ್ರಿಗೆ, ಪೊಲೀಸಿಗೆ ಮತ್ತು ಗುರುತಿಲ್ಲದವರಿಗೆ. ಬೇಕಾದವರು ಬರುವುದು ಹಿತ್ತಲ ಬಾಗಿಲಿನಿಂದ, ಬೆಲ್ಲು ಒತ್ತದೆ, ಕೂಗು ಹಾಕುತ್ತಾ. ನಾವು ಬಂದ ಎರಡನೆಯ ವಾರವೇ ಅಜ್ಜಿ ಕಂದು ಬ್ರೆಡ್ಡಿನ ತಟ್ಟೆ ಹಿಡಿದು ಹಿತ್ತಲ ಬಾಗಿಲು ತಳ್ಳಿಕೊಂಡು ಬಂದರು. ಅಂದು ನನ್ನ ಹೆಂಡತಿ ಖುಷಿಯಿಂದ, "ನಾವು ಇಲ್ಲಿಯವರಾದ್ವಿ ಕಣೋ," ಎಂದಿದ್ದಳು.

ಅವರಿಗೂ ನಾನು ಅವರದೇ ಚರ್ಚಿನ ಚರಿತ್ರೆ ಹೇಳಿದ್ದೇನೆ. ಹುಟ್ಟಿದಂದಿನಿಂದ ಅದನ್ನು ನೋಡಿಕೊಂಡು ಬಂದವರಿಗೆ, ಬೋರ್ಡು ಓದಿ ಎರಡು ವರ್ಷವಾದವನು. ಅವರು ಚಹಾ ಕಲಕುತ್ತಾ, "ಹೌದಾ, ಹಾಗಾ," ಅನ್ನುತ್ತಿದ್ದರು. ಒಂದೇ ಸಲ ತಮ್ಮ ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಗೋಡೆಯಲ್ಲಿ ಒಂದು ಕಲ್ಲು ತೋರಿಸಿದರು. ಬಳ್ಳಿ ಕೆತ್ತಿದ ಕಿಟಕಿಯ ತುಂಡು. "ನಮ್ಮ ಮಾವನ ಅಪ್ಪ ತಂದದ್ದು. ಗೋಡೆ ಬಿದ್ದಾಗೆಲ್ಲ ಜನ ಗಾಡಿ ತಗೊಂಡು ಹೋಗೋರು. ಇಲ್ಲಿ ಚರ್ಚಿನ ಕಲ್ಲಿಲ್ಲದ ಕೊಟ್ಟಿಗೆ ಇಲ್ಲ," ಎಂದು ನಕ್ಕರು. ಆ ನಗುವನ್ನೇ ನಾನು ಆಮೇಲೆ ಪರವಾನಗಿಯ ಹಾಗೆ ಬಳಸಿಕೊಂಡೆ.

ಮಗಳು ಹುಟ್ಟಿದಳು. ಬಾಣಂತನಕ್ಕೆ ಮೈಸೂರಿನಿಂದ ಅತ್ತೆ ಬಂದರು. ಸೂಟ್‌ಕೇಸಿನಲ್ಲಿ ಬಜೆ, ಓಂಕಾಳು, ಹತ್ತಿಬಟ್ಟೆ, ಬೆಳ್ಳಿ ಒಳಲೆ ಎಲ್ಲ ಇತ್ತು. ತೊಟ್ಟಿಲು ಶಾಸ್ತ್ರಕ್ಕೆ ಎರಡು ದಿನ ಇರುವಾಗ ಅವರು ಅಡುಗೆಮನೆಯ ಬೀರುಗಳನ್ನೆಲ್ಲ ತೆಗೆದು ನೋಡಿ, ನನ್ನ ಕಡೆ ತಿರುಗಿದರು.

"ಗುಂಡುಕಲ್ಲು ಎಲ್ಲಿ ಇಟ್ಟಿದ್ದೀರಾ?"

ನಮ್ಮಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಮಲಗುವುದು ಮಗುವಲ್ಲ, ಒರಳಿನ ಗುಂಡುಕಲ್ಲು. ಅದಕ್ಕೆ ಎಣ್ಣೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಮಗುವಿನ ಕುಲಾವಿ ತೊಡಿಸಿ, ಬಟ್ಟೆಯಲ್ಲಿ ಸುತ್ತುತ್ತಾರೆ. ತೊಟ್ಟಿಲ ಎರಡೂ ಕಡೆ ಕೂತ ಹೆಂಗಸರು ಅದನ್ನು ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿಸಿ, ಜೋಗುಳ ಹಾಡಿ ಮಲಗಿಸಿ, ಆಮೇಲೆ ಮಗುವನ್ನು ಮಲಗಿಸುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಅತ್ತೆಯ ಮನೆಯಲ್ಲಿ ಆ ಕಲ್ಲನ್ನು ಗುಂಡಣ್ಣ ಅನ್ನುತ್ತಾರೆ. ಮನೆಗೆ ಮೊದಲು ಹುಟ್ಟಿದವನು ಅವನು, ಮಗು ಅವನ ಬೆನ್ನಿಗೆ ಬಂದದ್ದು ಎಂಬ ಲೆಕ್ಕ.

ನಮ್ಮಲ್ಲಿ ಇದ್ದದ್ದು ಮಿಕ್ಸಿ. ಕುಂಬಳಕಾಯಿ ಇಡೋಣವೇ, ಗೆಳೆಯನ ಡಂಬೆಲ್ ತರೋಣವೇ ಎಂದೆಲ್ಲ ಹೆಂಡತಿ ತಮಾಷೆ ಮಾಡಿದಳು. ಅತ್ತೆಗೆ ನಗು ಬರಲಿಲ್ಲ. "ನಿನಗೂ ಇಟ್ಟಿದ್ದೆ, ನಿನ್ನ ಅಣ್ಣನಿಗೂ ಇಟ್ಟಿದ್ದೆ. ಇವಳಿಗೆ ಯಾಕೆ ಬೇಡ?" ಎಂದರು. ನಾನು ದೊಡ್ಡ ಮನಸ್ಸಿನವನ ಹಾಗೆ, "ನೀವು ಯೋಚನೆ ಮಾಡಬೇಡಿ ಅತ್ತೆ, ಕಲ್ಲಿಗೇನು ಬರ, ನಾನು ತರ್ತೀನಿ," ಎಂದೆ.

ಸಮುದ್ರ ಮುಕ್ಕಾಲು ಗಂಟೆ ದೂರ. ಚರ್ಚು ಎದುರಿಗೇ ಇತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಕಾರು ನಿಲ್ಲಿಸಿ ಒಳಗೆ ಹೋದೆ. ಗೋಡೆಯ ಒಳಗೆ ಬಿದ್ದದ್ದೆಲ್ಲ ಚೌಕದ ಕಲ್ಲು, ಮೂಲೆ ಮುರಿದವು. ಉತ್ತರದ ಗೋಡೆಯ ಆಚೆ, ಯಾವತ್ತೂ ಬಿಸಿಲು ಬೀಳದ ಕಡೆ, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಸಣ್ಣ ಕಲ್ಲುಗಳಿದ್ದವು. ಆ ಬದಿಗೆ ನಾನು ಯಾರನ್ನೂ ಕರೆದೊಯ್ದವನಲ್ಲ, ಬೋರ್ಡಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವುಗಳಲ್ಲಿ ಒಂದು, ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದು, ಬೂದು ಬಣ್ಣ, ನುಣ್ಣಗೆ, ನಡುವೆ ಸುತ್ತಲೂ ಒಂದು ಬಿಳಿ ಗೆರೆ. ಒರಳಿಗೆಂದೇ ಮಾಡಿಸಿದಂತಿತ್ತು.

ಎತ್ತುವ ಮೊದಲು ನಾನು ಸುತ್ತ ನೋಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ತಿಳಿಯದೆ ಮಾಡಿದೆ ಎಂದು ಹೆಂಡತಿಗೆ, ನನಗೆ, ದೇವರಿಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಾಗಾದರೆ ಸುತ್ತ ನೋಡಿದ್ದೇಕೆ? ಕಲ್ಲು ಅರ್ಧ ಮಣ್ಣಿನಲ್ಲಿ ಕೂತಿತ್ತು. ಬೂಟಿನ ತುದಿಯಿಂದ ಒದ್ದು ಸಡಿಲಿಸಿದೆ. ಕೆಳಗೆ ಬೆಳ್ಳಗಾದ ಹುಲ್ಲಿನ ಬೇರು, ಒದ್ದೆ ಕುಳಿ. ಕಲ್ಲನ್ನು ಲಂಚ್ ಬ್ಯಾಗಿನ ಪಕ್ಕದಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದೆ.

ಅತ್ತೆಗೆ ಕಲ್ಲು ನೋಡಿ ಜೀವ ಬಂದಂತಾಯಿತು. "ಅಯ್ಯೋ, ಜನಿವಾರ ಹಾಕ್ಕೊಂಡೇ ಬಂದವ್ನೆ," ಎಂದು ಬಿಳಿ ಗೆರೆಯ ಮೇಲೆ ಬೆರಳಾಡಿಸಿದರು.

ಭಾನುವಾರ ಹನ್ನೆರಡು ಮನೆಯ ಜನ ಸೇರಿದರು. ತೊಟ್ಟಿಲೆಂದರೆ ನಾನೇ ಸ್ಕ್ರೂ ಹಾಕಿ ಜೋಡಿಸಿದ ಕಾಟು, ಅದಕ್ಕೆ ಅತ್ತೆ ಹೂವಿನ ಸರ ಕಟ್ಟಿದ್ದರು. ಅಜ್ಜಿ ತಾವೇ ಹೆಣೆದ ಬಿಳಿ ಉಲ್ಲನ್ ಹೊದಿಕೆ ತಂದಿದ್ದರು. ಎಲ್ಲರೂ ಸೇರಿ ಅವರನ್ನೂ ಹೆಂಗಸರ ಸಾಲಿನಲ್ಲಿ ಕೂರಿಸಿದರು. ಅತ್ತೆ ತಾವು ಗಂಡನಿಲ್ಲದವರು ಎಂದು ದೂರ ನಿಂತಿದ್ದರು. ಅಜ್ಜಿಗೆ ಅದು ಅರ್ಥವಾಗದೆ ಪಕ್ಕದ ಕುರ್ಚಿ ತಟ್ಟಿ ತಟ್ಟಿ ಕರೆದರು, ಕೊನೆಗೆ ಅತ್ತೆಯೂ ಕೂತರು.

ಕಲ್ಲು ಕೈಯಿಂದ ಕೈಗೆ ಹೊರಟಿತು. ಹಾಡು ನಡೆದಿತ್ತು. ನಮ್ಮವರೆಲ್ಲ ಭಾರಕ್ಕೆ ಹುಸಿಯಾಗಿ ನರಳುತ್ತಾ, ನಗುತ್ತಾ ಬೇಗ ಬೇಗ ದಾಟಿಸಿದರು. ಅಜ್ಜಿಯ ಕೈಗೆ ಬಂದಾಗ ಅದು ನಿಂತಿತು. ಅವರು ಅದನ್ನು ಮಡಿಲಿಗೆ ಇಳಿಸಿಕೊಂಡರು. ಕುಲಾವಿಯನ್ನು ಸ್ವಲ್ಪ ಮೇಲೆ ಸರಿಸಿ, ಬಿಳಿ ಗೆರೆಯ ಮೇಲೆ ಹೆಬ್ಬೆರಳು ಇಟ್ಟು, ಹಾಗೇ ಕೂತರು. ಯಾರೋ, "ಅಜ್ಜಿಗೆ ಪಾಪುಗಿಂತ ಗುಂಡಣ್ಣನೇ ಇಷ್ಟ ಆಗ್ಬಿಟ್ಟ," ಎಂದರು. ಎಲ್ಲರೂ ನಕ್ಕೆವು.

ಅಜ್ಜಿ ತಲೆಯೆತ್ತಿ ನನ್ನನ್ನೇ ನೋಡಿ ಕೇಳಿದರು, "ಈ ಕಲ್ಲು ಎಲ್ಲಿಂದ ತಂದ್ರಿ?"

ಅಷ್ಟು ಜನರ ಮುಂದೆ, ಪ್ರೊಟೆಕ್ಟೆಡ್ ಜಾಗದ ಬಗ್ಗೆ ಭಾಷಣ ಬಿಗಿದಿದ್ದ ಅದೇ ಜನರ ಮುಂದೆ, "ಬೀಚಿಂದ," ಎಂದೆ.

"ಹೌದಾ, ಹಾಗಾ," ಎಂದರು ಅಜ್ಜಿ.

ಪಕ್ಕದವಳು ಕೈ ಚಾಚಿ ಕಾಯುತ್ತಿದ್ದಳು. ಅಜ್ಜಿ ಕಲ್ಲನ್ನು ಅವಳಿಗೆ ಕೊಟ್ಟರು. ಅದನ್ನು ಮಲಗಿಸಿದರು, ಹಾಡಿದರು, ತೆಗೆದರು, ಮಗಳನ್ನು ಮಲಗಿಸಿ ಹೆಸರಿಟ್ಟರು. ಅಜ್ಜಿ ಹೋಳಿಗೆ ತಿನ್ನದೆ ಹೊರಟರು. ಸೊಂಟ ನೋಯುತ್ತಿದೆ ಎಂದರು, ನಾವು ನಂಬಿದೆವು.

ಅತ್ತೆ ವೀಸಾ ಮುಗಿದು ಊರಿಗೆ ಹೋದರು. ಶಾಸ್ತ್ರವಾದ ಮೇಲೆ ಗುಂಡುಕಲ್ಲಿಗೆ ಮಿಕ್ಸಿ ಇರುವ ಮನೆಯಲ್ಲಿ ಏನು ಕೆಲಸ? ಕುಂಕುಮ ತೊಳೆದು, ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟೆ. ಅಟ್ಲಾಂಟಿಕ್ ಗಾಳಿಗೂ ಅಲ್ಲಾಡದೆ ನಿಂತಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಅದೇ ಸುಮಾರಿಗೆ ಅಜ್ಜಿ ಹಿತ್ತಲ ಬಾಗಿಲಿನಿಂದ ಬರುವುದನ್ನು ಬಿಟ್ಟರು. ಒಂದು ಬಾರಿ ಬ್ರೆಡ್ಡು ಹಿಡಿದು ಹಿತ್ತಲಿಗೆ ಬಂದವರು ಹೊಸ್ತಿಲ ಬಳಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಾರದೆ ತಿರುಗಿದ್ದನ್ನು ನನ್ನ ಹೆಂಡತಿ ಕಿಟಕಿಯಿಂದ ನೋಡಿದ್ದಳು. ಆಮೇಲೆ ಮುಂಬಾಗಿಲ ಬೆಲ್ಲು ಕೇಳಿಸಿತು. ಆ ನಡುವೆ ಆಗಿದ್ದ ಸೊಂಟದ ಆಪರೇಷನ್ನಿನಿಂದ ಹಿತ್ತಲ ಮೆಟ್ಟಿಲು ಕಷ್ಟವಾಗಿರಬೇಕು ಎಂದು ನಾವೇ ಕಾರಣ ಹುಡುಕಿಕೊಟ್ಟೆವು. ಮುಂಬಾಗಿಲಿಗೂ ಅಷ್ಟೇ ಮೆಟ್ಟಿಲುಗಳಿವೆ.

ಬೇಸಿಗೆಯ ಕೊನೆಗೆ ಈ ಊರಿನಲ್ಲಿ ಸಮಾಧಿಗಳ ಭಾನುವಾರ ಬರುತ್ತದೆ. ಹಾಳು ಚರ್ಚಿನೊಳಗೇ ಪಾದ್ರಿ ಬಂದು ಮಾಸ್ ಪೂಜೆ ನಡೆಸಿ, ಎಲ್ಲ ಸಮಾಧಿಗಳಿಗೂ ತೀರ್ಥ ಹಾಕುತ್ತಾರೆ. ನೇಸ್, ಡಬ್ಲಿನ್ ಎಲ್ಲೆಲ್ಲಿಗೋ ಹೋದವರು ಅಂದು ಬರುತ್ತಾರೆ. ಕಥೆ ಮುಗಿಯಿತು ಎಂದು ನಾನು ಕೈ ಝಾಡಿಸುತ್ತಿದ್ದ ಜಾಗದಲ್ಲಿ ಚಾವಣಿ ಬಿದ್ದ ದಿನದಿಂದ ಇಂದಿನವರೆಗೂ ಜನ ತಮ್ಮವರನ್ನು ಮಣ್ಣು ಮಾಡುತ್ತಲೇ ಬಂದಿದ್ದರು. ಸಮಾಧಿಯ ಕಲ್ಲುಗಳನ್ನು ನಾನು ನೋಡಿರಲಿಲ್ಲವೆಂದಲ್ಲ. ಅವುಗಳ ಮೇಲಿನ ಹೆಸರುಗಳು ನಮ್ಮ ರಸ್ತೆಯ ಅಂಚೆಪೆಟ್ಟಿಗೆಗಳ ಮೇಲಿದ್ದ ಹೆಸರುಗಳೇ ಎಂಬುದು ಎರಡು ವರ್ಷದಲ್ಲಿ ನನ್ನ ತಲೆಗೆ ಹೋಗಿರಲಿಲ್ಲ.

ಹಿಂದಿನ ಶನಿವಾರ ಹುಲ್ಲು ಕತ್ತರಿಸುವ ಕೆಲಸ. ಅಜ್ಜಿ ಮುಂಬಾಗಿಲಿಗೆ ಬಂದು, "ನನ್ನನ್ನ ಕಾರಲ್ಲಿ ಬಿಡ್ತೀಯಾ? ನೀನೂ ಒಂದು ಕೈ ಹಾಕು," ಎಂದರು. ಊರವರ ಕೆಲಸಕ್ಕೆ ಕರೆದರೆಂದು ನಾನು ಉಬ್ಬಿಹೋದೆ. ಅಜ್ಜಿಯನ್ನು ಗೋಡೆ ಪಕ್ಕ ಮಡಚುವ ಕುರ್ಚಿಯಲ್ಲಿ ಕೂರಿಸಿ, ಕತ್ತರಿ ಹಿಡಿದು ಎದುರು ಮನೆಯ ರೈತನ ಜೊತೆ ಉತ್ತರದ ಬದಿಗೆ ಹೋದೆ. ಅವನು ಮಂಡಿಯೂರಿ ಕುಳಿತು, ಒಂದೊಂದು ಸಣ್ಣ ಕಲ್ಲಿನ ಸುತ್ತಲೂ ಕೈಯಿಂದಲೇ ಹುಲ್ಲು ಕೀಳುತ್ತಿದ್ದ.

ನಾನು ಸುಮ್ಮನಿರಬಾರದೇ? "ಇವು ಗೋಡೆಯಿಂದ ಬಿದ್ದವು ಅಲ್ಲ," ಎಂದು ನನ್ನ ವಿದ್ವತ್ತು ಶುರು ಮಾಡಿದೆ. "ಗುಂಡಗಿವೆ. ಬಹುಶಃ ಸನ್ಯಾಸಿಗಳು ಧಾನ್ಯ ಅರೆಯೋಕೆ..."

"ಮಕ್ಕಳು," ಎಂದ ಅವನು.

ನನಗೆ ಗೊತ್ತಾಗಲಿಲ್ಲ. ಅವನು ಕೈ ಒರೆಸಿಕೊಂಡು ಹೇಳಿದ. ಜ್ಞಾನಸ್ನಾನ ಆಗುವ ಮೊದಲೇ ಸತ್ತ ಕೂಸುಗಳು, ಹೊಟ್ಟೆಯಲ್ಲೇ ಸತ್ತು ಹುಟ್ಟಿದವು. ಅವನ್ನು ಊರ ಸ್ಮಶಾನದಲ್ಲಿ ಇಡಲು ಚರ್ಚು ಬಿಡುತ್ತಿರಲಿಲ್ಲ. ಹೆಸರಿಲ್ಲ, ಪಾದ್ರಿ ಇಲ್ಲ, ಪ್ರಾರ್ಥನೆ ಇಲ್ಲ. ಅಪ್ಪನಾದವನು ಮುಸ್ಸಂಜೆಗೆ ಒಂದು ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಒಬ್ಬನೇ ಬಂದು, ಸನ್ಯಾಸಿಗಳ ನೆಲವಾದರೂ ಆದೀತು ಎಂದು ಈ ಗೋಡೆಯ ನೆರಳಲ್ಲಿ ಹೂಳಿ, ಮೇಲೊಂದು ಕಲ್ಲು ಇಟ್ಟು ಹೋಗುತ್ತಿದ್ದ. ಹೊಲದ್ದೋ, ಕಡಲ ದಂಡೆಯದೋ, ಅವನಿಗೆ ಗುರುತು ಸಿಗುವಂಥ ಕಲ್ಲು. "ಇಲ್ಲಿ ಒಂದು ಮಗು ಇಲ್ಲದ ಮನೆ ಈ ಸುತ್ತಿನಲ್ಲಿ ಕಡಿಮೆ. ಜನ ಆ ಗೋಡೆಯನ್ನೆಲ್ಲ ಹೊತ್ಕೊಂಡು ಹೋದ್ರು. ಈ ಕಡೆಯಿಂದ ಯಾರೂ ಒಂದು ಹರಳು ಮುಟ್ಟಿಲ್ಲ." ಆಮೇಲೆ ಕುರ್ಚಿಯ ಕಡೆ ತಲೆಯಾಡಿಸಿ ದನಿ ತಗ್ಗಿಸಿದ. "ಅವರ ಮೊದಲ ಹುಡುಗನೂ ಇಲ್ಲೇ ಇದಾನೆ. ಅವರ ಗಂಡ ಬೀಚಿಂದ ಕಲ್ಲು ಹೊತ್ತು ತಂದಿದ್ದ. ಬೂದು ಬಣ್ಣದ್ದು, ನಡುವೆ ಬಿಳಿ ಗೆರೆ. ಎಲ್ಲಿ ಹೋಯ್ತೋ, ಬೆಳಿಗ್ಗೆಯಿಂದ ಕಾಣ್ತಿಲ್ಲ. ಸ್ವಲ್ಪ ಹುಡುಕು."

ನಾನು ಹುಡುಕಿದೆ. ನನ್ನ ಅಡುಗೆಮನೆಯ ಬಾಗಿಲಿಗೆ ಒತ್ತು ಕೊಟ್ಟು ಬಂದಿದ್ದ ಕಲ್ಲನ್ನು ನಾನು ಮಂಡಿಯೂರಿ, ಹುಲ್ಲು ಸರಿಸಿ ಸರಿಸಿ, ಅರ್ಧ ಗಂಟೆ ಹುಡುಕಿದೆ. ಪ್ಯಾಂಟಿನ ಮಂಡಿ ಒದ್ದೆಯಾಯಿತು. ಅಜ್ಜಿ ಕುರ್ಚಿಯಿಂದ ನೋಡುತ್ತಲೇ ಇದ್ದರು. ಕೊನೆಗೆ ನಾನೇ ಅವರ ಹತ್ತಿರ ಹೋಗಿ, "ಇಲ್ಲೇ ಹುಲ್ಲಿನ ಕೆಳಗೆ ಎಲ್ಲೋ ಇರುತ್ತೆ," ಎಂದೆ.

"ಇರುತ್ತೆ, ಇರದೆ ಎಲ್ಲಿ ಹೋಗುತ್ತೆ," ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮಗಳನ್ನು ಎದೆಗೆ ಅವುಚಿಕೊಂಡು ಕಲ್ಲನ್ನೇ ನೋಡುತ್ತಾ ನಿಂತಳು. ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಮೊದಲು ಹೊಳೆದದ್ದು ಅಜ್ಜಿಯಲ್ಲ. ಸತ್ತ ಮಗುವಿನ ಕಲ್ಲನ್ನು ನನ್ನ ಮಗುವಿನ ತೊಟ್ಟಿಲಿಗೆ ಹಾಕಿದೆನಲ್ಲ, ಇವಳಿಗೆ ಏನಾದರೂ ಆದರೆ ಎಂಬ ಭಯ. ಎರಡನೆಯದು, ಪ್ರೊಟೆಕ್ಟೆಡ್ ಜಾಗ, ಕೇಸಾದರೆ ವರ್ಕ್ ಪರ್ಮಿಟ್ ಗತಿಯೇನು ಎಂಬುದು. ಅಜ್ಜಿ ಬಂದದ್ದು ಮೂರನೆಯವರಾಗಿ.

"ಈಗಲೇ ಹೋಗಿ ಹೇಳು," ಎಂದಳು ಹೆಂಡತಿ.

"ಹೇಗೆ ಹೇಳಲಿ? ಅವರೆದುರೇ ಹುಡುಕಿ ಬಂದಿದ್ದೀನಿ."

"ಹುಡುಕಿದ್ಯಾ? ಅಲ್ಲಿ?" ಅವಳು ನನ್ನನ್ನು ನೋಡಿದ ನೋಟ ಹೊಸದು. "ಇಷ್ಟು ದಿನ ಅವರು ಮುಂಬಾಗಿಲಿಂದ ಬರ್ತಿದ್ದಿದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು ಆ ಅರ್ಧವನ್ನು ಪೂರ್ತಿ ಮಾಡಿಕೊಳ್ಳಲು ಹೋಗಲಿಲ್ಲ. ಬೆಳಿಗ್ಗೆ ಮಾಸ್‌ಗೆ ಮೊದಲೇ ಕಲ್ಲನ್ನು ಸ್ವಸ್ಥಾನಕ್ಕೆ ಇಟ್ಟುಬಿಟ್ಟರೆ ಯಾರಿಗೂ ನೋವಿಲ್ಲ ಎಂದೆ. "ನಿನಗೆ ನೋವಿಲ್ಲ," ಎಂದು ಅವಳು ಒಳಗೆ ಹೋದಳು.

ಭಾನುವಾರ ಬೆಳಕು ಹರಿದ ಮೇಲೆ ಕಲ್ಲನ್ನು ತೊಳೆದು, ಟವೆಲ್ಲಿನಲ್ಲಿ ಸುತ್ತಿ ಒಯ್ದೆ. ಉತ್ತರದ ಗೋಡೆ ದಾಟಿ ನಿಂತ ಮೇಲೆ ಗೊತ್ತಾಯಿತು, ಸ್ವಸ್ಥಾನ ಯಾವುದೆಂದು ನನಗೆ ಗೊತ್ತಿಲ್ಲ. ಒದ್ದು ಕಿತ್ತ ಕುಳಿ ಬೇಸಿಗೆಯ ಹುಲ್ಲಿನಲ್ಲಿ ಕೂಡಿಕೊಂಡಿತ್ತು. ಗೋಪುರದ ನೇರಕ್ಕೋ, ಅದರ ಈಚೆಗೋ? ಇಬ್ಬರು ಮಕ್ಕಳ ನಡುವೆಯೋ, ಮೂಲೆಯಲ್ಲೋ? ಪಾರ್ಕ್‌ಮೋರ್‌ನಲ್ಲಿ ನನ್ನ ಕೆಲಸವೇ ಇದು. ಕೂದಲೆಳೆಯಷ್ಟು ತೆಳ್ಳಗಿನ ಕೊಳವೆ ಎಲ್ಲಿಂದ ಬಂತು, ಯಾವ ಮೇಜಿನ ಮೇಲಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡಿಸುವುದು. ದಾಖಲೆ ಇಲ್ಲದ ತುಂಡು ಎಷ್ಟೇ ಚೆನ್ನಾಗಿರಲಿ, ನಾನು ಅದನ್ನು ಕಸಕ್ಕೆ ಹಾಕಿಸುತ್ತೇನೆ. ಆ ನಾನು ಕಾಲು ಗಂಟೆ ಅತ್ತಿತ್ತ ತಿರುಗಿ, ಒಂದು ಕಡೆ ಖಾಲಿ ಜಾಗ ನೋಡಿ, ಅಂದಾಜಿನಲ್ಲಿ ಇಟ್ಟೆ. ಬೇರೆ ಕಲ್ಲುಗಳೆಲ್ಲ ನೆಲದೊಳಗೆ ಕೂತಿದ್ದವು. ಇದು ಹುಲ್ಲಿನ ಮೇಲೆ ಇತ್ತು.

ಮಾಸ್ ಮುಗಿಯಿತು. ಈಗ ಕಾಲ ಬದಲಾಗಿದೆ, ಪಾದ್ರಿ ಉತ್ತರದ ಬದಿಗೂ ಹೋಗಿ ತೀರ್ಥ ಹಾಕಿದರು, ಅಲ್ಲಿನ ಮಕ್ಕಳಿಗಾಗಿ ಎಲ್ಲರೂ ತಲೆ ತಗ್ಗಿಸಿದರು. ಜನ ಕರಗಿದ ಮೇಲೆ ಅಜ್ಜಿ ನನ್ನ ತೋಳು ಹಿಡಿದು, ಕೋಲೂರುತ್ತಾ ಅಲ್ಲಿಗೆ ಬಂದರು. ನಾನು, "ನೋಡಿ, ಸಿಕ್ಕಿತು," ಎಂದೆ. ಅದು ನನ್ನ ಮೂರನೆಯ ಸುಳ್ಳು.

ಅವರು ಬಗ್ಗಲಾರರು. ಕೋಲಿನ ತುದಿಯಿಂದ ಬಿಳಿ ಗೆರೆಯನ್ನು ಮುಟ್ಟಿದರು. ಗೆರೆಯ ಸಣ್ಣ ಸಣ್ಣ ಗುಳಿಗಳಲ್ಲಿ ಅರಿಶಿನ ಕೂತಿತ್ತು. ಎಷ್ಟು ತೊಳೆದಿದ್ದರೂ ಹೋಗಿರಲಿಲ್ಲ, ಹೊರಗಿನ ಬೆಳಕಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

"ಮಡಿಲಿಗೆ ಬಂದ ತಕ್ಷಣ ಗೊತ್ತಾಯ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದಕ್ಕೇ ಕೇಳಿದ್ದು. ನೀನು ಬೀಚು ಅಂದೆ. ಬೀಚಿನದೇ ಅದು, ಅದೇನೋ ನಿಜ. ನೀನೇ ತಂದಿಡ್ತೀಯ ಅಂತ ಕಾದೆ. ನೀನು ಬಾಗಿಲಿಗೆ ಇಟ್ಟೆ. ಅವನನ್ನ ದಾಟಿಕೊಂಡು ಒಳಗೆ ಬರೋಕೆ ನನ್ನ ಕೈಲಿ ಆಗ್ಲಿಲ್ಲ."

ತಪ್ಪಾಯಿತು ಎಂದೆ. ಎಷ್ಟು ಸಲ ಹೇಳಿದೆನೋ ನೆನಪಿಲ್ಲ.

"ಇದೇ ಜಾಗವಾ?" ಎಂದು ಕೇಳಿದರು. "ನನ್ನನ್ನ ಆಗ ಬರೋಕೆ ಬಿಡ್ಲಿಲ್ಲ, ನಾನು ಹಾಸಿಗೆಯಲ್ಲಿದ್ದೆ. ನಮ್ಮವರು ಒಬ್ಬರೇ ತಗೊಂಡು ಬಂದ್ರು. ಆಮೇಲೂ ಜಾಗದ ಮಾತು ಆಡಲಿಲ್ಲ, ಕಲ್ಲು ಹೇಗಿದೆ ಅಂತ ಮಾತ್ರ ಹೇಳಿದ್ರು. ನನಗೆ ಕಲ್ಲು ಗೊತ್ತು, ಅಷ್ಟೇ. ನೀನು ಎತ್ತಿದ್ದು ಇಲ್ಲಿಂದಲೇನಾ?"

ಹೌದು ಅನ್ನಬಹುದಿತ್ತು. ಹೌದು ಅಂದಿದ್ದರೆ ಅವರಿಗೆ ನೆಮ್ಮದಿ ಸಿಗುತ್ತಿತ್ತೋ ಏನೋ, ಇಂದಿಗೂ ಆ ಲೆಕ್ಕ ಹರಿದಿಲ್ಲ. "ಗೊತ್ತಿಲ್ಲ," ಎಂದೆ. ನಾನು ಅವರಿಗೆ ಹೇಳಿದ ಮೊದಲ ನಿಜ ಅದು, ಅದರಿಂದ ಅವರಿಗೆ ಏನೂ ಒಳ್ಳೆಯದಾಗಲಿಲ್ಲ.

ಅವರು ಆ ಕಲ್ಲಿನಿಂದ ಈ ಕಲ್ಲಿಗೆ, ಖಾಲಿ ಹುಲ್ಲಿನಿಂದ ಖಾಲಿ ಹುಲ್ಲಿಗೆ ಕಣ್ಣಾಡಿಸಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಕೇಳಿದರು, "ಅವತ್ತು ನೀವೆಲ್ಲ ಅವನನ್ನ ಏನೋ ಕರೀತಿದ್ರಲ್ಲ, ಏನದು?"

ಹೇಳಿದೆ. ಗುಂಡಣ್ಣ ಅಂದರೆ ಮನೆಯ ಮೊದಲ ಮಗ, ಹುಟ್ಟಿದ ಮಗುವಿಗೆ ಅಣ್ಣ, ಅದಕ್ಕೇ ತೊಟ್ಟಿಲು ಮೊದಲು ಅವನದು, ಜೋಗುಳ ಮೊದಲು ಅವನಿಗೆ ಎಂದು ತೊದಲುತ್ತಾ ವಿವರಿಸಿದೆ. ಚರಿತ್ರೆ ಹೇಳುವಾಗ ಒಮ್ಮೆಯೂ ತೊದಲದವನು.

"ನಾನು ಅದೇನೋ ಆಟ ಅಂದ್ಕೊಂಡೆ," ಎಂದರು ಅಜ್ಜಿ. "ಆ ಹುಡುಗಿ ಕೈ ಚಾಚಿ ಕಾಯ್ತಿದ್ಲು, ಕೊಟ್ಟುಬಿಟ್ಟೆ. ನೀನು ಆಗಲೇ ಹೇಳಬೇಕಿತ್ತು. ನಾನು ಅವನನ್ನ ಎತ್ಕೊಂಡಿದ್ದೇ ಇಲ್ಲ. ಹೇಳಿದ್ದಿದ್ರೆ ಇನ್ನೂ ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಕೊಂಡಿರ್ತಿದ್ದೆ."

ಕಲ್ಲನ್ನು ಎತ್ತಿ ಕೊಡಲೇ ಎಂದು ಬಗ್ಗಿದೆ. ಬೇಡ ಎಂದು ನನ್ನ ಭುಜದ ಮೇಲೆ ಕೈಯಿಟ್ಟರು, ಅವನನ್ನು ಸಾಕಷ್ಟು ಓಡಾಡಿಸಿದ್ದಾಯಿತು ಎಂದರು. ಅವರನ್ನು ಕಾರಿಗೆ ಕರೆತಂದೆ.

ನಾವು ಅದೇ ಮನೆಯಲ್ಲಿದ್ದೇವೆ, ಬಿಡಿ ಎಂದು ಅವರು ಹೇಳಲಿಲ್ಲ, ಬಿಡಲು ನಮಗೂ ಬೇರೆ ಮನೆ ಸಿಗುವುದಿಲ್ಲ. ಯಾರು ಬಂದರೂ ನಾನೀಗ ಚರ್ಚು ತೋರಿಸುವುದಿಲ್ಲ, ಕೇಳಿದರೆ ಬೋರ್ಡಿದೆ ಓದಿಕೊಳ್ಳಿ ಅನ್ನುತ್ತೇನೆ. ಮಗಳು ಮೂರಕ್ಕೆ ಬಿದ್ದಿದ್ದಾಳೆ, ಚೆನ್ನಾಗಿದೆ ಅನ್ನುವುದಕ್ಕೆ ಅಜ್ಜಿಯ ಧಾಟಿಯಲ್ಲೇ ಗ್ರ್ಯಾಂಡ್ ಅನ್ನುತ್ತಾಳೆ. ಅಜ್ಜಿಗೆ ಅವಳೆಂದರೆ ಪ್ರಾಣ, ವಾರಕ್ಕೊಮ್ಮೆ ಬ್ರೆಡ್ಡು ತಪ್ಪಿಲ್ಲ. ಹಿತ್ತಲ ಬಾಗಿಲಿಗೆ ನಾನು ಹೊಸ ಕೊಂಡಿ ಹಾಕಿಸಿದ್ದೇನೆ, ಕೆಳಗೆ ಏನೂ ಅಡ್ಡ ಇಟ್ಟಿಲ್ಲ, ಅವರು ಬರುವ ಹೊತ್ತಿಗೆ ತೆರೆದೇ ಇಡುತ್ತೇನೆ. ಅವರು ಆ ತೆರೆದ ಬಾಗಿಲ ಮುಂದಿನಿಂದಲೇ ಹಾದು, ಮನೆ ಸುತ್ತಿಕೊಂಡು ಮುಂದೆ ಬಂದು, ಬೆಲ್ಲು ಒತ್ತಿ, ನಾನು ತೆಗೆಯುವವರೆಗೆ ಹೊರಗೆ ನಿಲ್ಲುತ್ತಾರೆ.